ಗಿಡ ಕೀಳುವ ಯಂತ್ರವೂ ನಾವೂ

ಯುಗಾದಿ ಮುಗಿದು ಒಂದು ವಾರವಾಗಿತ್ತು. ಊರಿನಲ್ಲಿ ಹೊಲಮನೆ ನೋಡಿಕೊಂಡಿರುವ ತಮ್ಮ ಫೋನು ಮಾಡಿ, ಕುಶಲ ಕೇಳುವುದಕ್ಕೂ ಮುನ್ನ ವಿಷಯಕ್ಕೆ ಬಂದ. ಟ್ರ್ಯಾಕ್ಟರಿನ ಹಿಂದೆ ಜೋಡಿಸುವ, ಗಿಡವನ್ನು ಬೇರುಸಹಿತ ಕೀಳುವ ಒಂದು ಸಲಕರಣೆ ಬೇಕು. ತಯಾರಾದದ್ದನ್ನು ಕೊಂಡರೆ ಬಹಳ ದುಡ್ಡು. ತಾಲೂಕಿನ ವೆಲ್ಡಿಂಗ್ ಅಂಗಡಿಯವನು ಅದರ ಅರ್ಧಕ್ಕೆ ಮಾಡಿಕೊಡುತ್ತೇನೆ ಎನ್ನುತ್ತಾನೆ. ನಿಮ್ಮಿಬ್ಬರ ಪಾಲು ಕಳಿಸಿರಿ. ಇಷ್ಟೇ ಮಾತು. ಪುಣೆಯಲ್ಲಿರುವ ಅಣ್ಣಂದಿರು ನಾವಿಬ್ಬರೂ ಅಂದು ರಾತ್ರಿ ಊಟಕ್ಕೆ ಕೂಡಿದಾಗ ಲೆಕ್ಕ ಹಾಕಿದೆವು. ಲೆಕ್ಕವೇನೋ ಅರ್ಧ ಗಂಟೆಯಲ್ಲಿ ಮುಗಿಯಿತು. ಅದರ ಹಿಂದೆಯೇ ಎದ್ದ ಪ್ರಶ್ನೆ ಮಾತ್ರ ಇನ್ನೂ ಮುಗಿದಿಲ್ಲ. ಪರಊರಿನಲ್ಲಿ ಸಂಸಾರ ಹೂಡಿ, ಊರಿನ ಉತಾರದಲ್ಲಿ ಹೆಸರು ಉಳಿಸಿಕೊಂಡಿರುವ ಅನೇಕ ವಾಚಕರಿಗೆ ಇದು ತಮ್ಮ ಮನೆಯ ಪ್ರಶ್ನೆಯೂ ಹೌದು ಎನಿಸಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದು ವಿಜಯಪುರ ಜಿಲ್ಲೆಯ ಎರಿ ಹೊಲ. ಅದರಲ್ಲಿ ಹಳ್ಳದ ದಂಡೆಯ ನಾಲ್ಕು ಎಕರೆ, ಅಪ್ಪ ತೀರಿದ ಮೇಲೆ ಬಿತ್ತುವವರಿಲ್ಲದೆ ಬೀಳು ಬಿತ್ತು. ಬೀಳು ಬಿದ್ದ ಹೊಲಕ್ಕೆ ಯಾರು ಬರುತ್ತಾರೆಂಬುದು ಆ ಸೀಮೆಯವರಿಗೆಲ್ಲ ಗೊತ್ತು, ಬಳ್ಳಾರಿ ಜಾಲಿ. ಸೋಲಾಪುರ ದಾಟಿ ಹೋಟಗಿಯಿಂದ ಮುಂದಕ್ಕೆ ರೈಲಿನ ಕಿಟಕಿಯಲ್ಲಿ ಕಾಣುವ ಹಸುರಿನಲ್ಲಿ ಎಷ್ಟೋ ಪಾಲು ಅದರದೇ. ಬಳ್ಳಾರಿಯ ಹೆಸರು ಹೊತ್ತಿದ್ದರೂ ಅದರ ತವರು ಬಳ್ಳಾರಿಯಲ್ಲ, ಅಮೆರಿಕ ಖಂಡದ ಮೆಕ್ಸಿಕೋ ಮತ್ತು ಅದರ ಕೆಳಗಿನ ನಾಡುಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬ್ರಿಟಿಷರ ಕಾಲದ ಅರಣ್ಯಾಧಿಕಾರಿಗಳು ಸೌದೆಗೆಂದೂ ಮರಳು ತಡೆಯಲೆಂದೂ ಅದನ್ನು ಇಲ್ಲಿಗೆ ತಂದರು. 1940ರಲ್ಲಿ ಜೋಧಪುರದ ಸಂಸ್ಥಾನ ಅದಕ್ಕೆ ರಾಜವೃಕ್ಷದ ಗೌರವ ಕೊಟ್ಟು ಕಾಪಾಡಿತು. ಈಗ ಚೆನ್ನೈಯಲ್ಲಿರುವ ನಮ್ಮವರು ಅದನ್ನು ಸೀಮೈ ಕರುವೇಲಂ ಎಂದು ಕೇಳಿರುತ್ತಾರೆ, ಹೈದರಾಬಾದಿನವರು ಸರ್ಕಾರ್ ತುಮ್ಮ ಎಂದು, ದೆಹಲಿಯವರು ವಿಲಾಯತಿ ಕೀಕರ್ ಎಂದು. ಇಲ್ಲಿ ಮರಾಠಿಯಲ್ಲಿ ವೇಡಿ ಬಾಭೂಳ, ಅಂದರೆ ಹುಚ್ಚು ಜಾಲಿ. ಗುಜರಾತಿಗಳೂ ಅದಕ್ಕೆ ಹುಚ್ಚಿನ ಹೆಸರನ್ನೇ ಇಟ್ಟಿದ್ದಾರೆ.

ಹುಚ್ಚು ಎನ್ನಲು ಕಾರಣವಿದೆ. ಕಡಿದರೆ ಅದು ಸಾಯುವುದಿಲ್ಲ. ಅದರ ಜೀವವಿರುವುದು ನೆಲದ ಕೆಳಗಿನ ಬೊಡ್ಡೆಯ ಮೊಗ್ಗುಗಳಲ್ಲಿ. ಒಂದು ಟೊಂಗೆ ಕಡಿದರೆ ಮುಂದಿನ ಮಳೆಗೆ ನಾಲ್ಕು ಚಿಗುರುತ್ತವೆ. ಗೇಣುದ್ದವಾದರೂ ಕೆಳಗೆ ಇಳಿದು, ಬೊಡ್ಡೆಯನ್ನೇ ಎತ್ತಿ ಹಾಕಬೇಕು. ಗುದ್ದಲಿ, ಹಾರೆ, ಪಿಕಾಸಿ ಹಿಡಿದು ಎರಿ ಮಣ್ಣಿನಲ್ಲಿ ಈ ಕೆಲಸ ಮಾಡಿದವರಿಗೆ ಅದರ ರುಚಿ ಗೊತ್ತು. ಬೇಸಿಗೆಯಲ್ಲಿ ಆ ನೆಲ ಕಲ್ಲು, ಮಳೆಗಾಲದಲ್ಲಿ ಕಾಲು ಹೂಳುವ ಅಂಟು. ಮುಳ್ಳು ಚಪ್ಪಲಿ ದಾಟಿ ಅಂಗಾಲಿಗೆ ಇಳಿಯುತ್ತದೆ, ಇಳಿದಲ್ಲಿ ಕೀವಾಗುತ್ತದೆ. ಕೂಲಿಗೆ ಕರೆದರೆ ಜಾಲಿ ಕೀಳುವ ಕೆಲಸ ಎಂದೊಡನೆ ಯಾರೂ ಬರುವುದಿಲ್ಲ ಎಂದು ತಮ್ಮ ಹೇಳಿದ. ಅದು ನೆಪವಲ್ಲ.

ಸಲಕರಣೆ ಬಹಳ ಸರಳವಾದದ್ದು. ದಪ್ಪ ಉಕ್ಕಿನ ಒಂದು ತಗಡು. ನಡುವೆ ಬಾಯಿ ಅಗಲವಾಗಿ ಒಳಗೆ ಇಕ್ಕಟ್ಟಾಗುತ್ತ ಹೋಗುವ ಒಂದು ಕಚ್ಚು, ಕಚ್ಚಿನ ಎರಡೂ ಅಂಚಿಗೆ ಗರಗಸದಂತೆ ಹಲ್ಲು. ಕಲ್ಟಿವೇಟರ್ ಕೂಡಿಸುವ ಟ್ರ್ಯಾಕ್ಟರಿನ ಹಿಂದಿನ ಮೂರು ತೋಳುಗಳಿಗೇ ಇದನ್ನೂ ಕೂಡಿಸುವುದು. ತಗಡನ್ನು ನೆಲಮಟ್ಟಕ್ಕೆ ಇಳಿಸಿ, ಹಿಂದಕ್ಕೆ ಸರಿಸಿ, ಗಿಡದ ಬುಡವನ್ನು ಕಚ್ಚಿನೊಳಗೆ ಸಿಕ್ಕಿಸಿ, ಹೈಡ್ರಾಲಿಕ್ ಎತ್ತಿದರೆ ಹಲ್ಲು ತೊಗಟೆಯಲ್ಲಿ ನಾಟಿ ಹಿಡಿಯುತ್ತದೆ. ಮಣ್ಣು ಹದವಾಗಿದ್ದರೆ ತೋಳಿನ ಗಾತ್ರದ ಬುಡ ಬೇರುಸಹಿತ ಮೇಲೆ ಬರುತ್ತದೆ. ಕೊಳ್ಳಲು ಸಿಗುವ ದೊಡ್ಡ ಮಾದರಿಗಳಲ್ಲಿ ಬಾಯಿ ತಾನೇ ಮುಚ್ಚಿ ಕಚ್ಚಿ ಹಿಡಿಯುವಂತೆ ಬೇರೊಂದು ಹೈಡ್ರಾಲಿಕ್ ಸಿಲಿಂಡರ್ ಇರುತ್ತದೆ. ಅಷ್ಟೇ ವ್ಯತ್ಯಾಸ.

ಇದಕ್ಕೆ ದುಡ್ಡು ಕೊಡಬೇಕೋ ಬೇಡವೋ? ಬೇಡ ಎನ್ನಲು ನಮ್ಮಲ್ಲಿ ಒಂದು ಹಳೆಯ ಅಳುಕಿತ್ತು. ಗಿಡ ಕಡಿಯುವುದು ಪಾಪ ಎಂದು ಅವ್ವ ಹೇಳುತ್ತಿದ್ದಳು. ಹಸಿ ಗಿಡಕ್ಕೆ ಕೊಡಲಿ ಇಡುವ ಮೊದಲು ಅಪ್ಪ ಬುಡ ಮುಟ್ಟಿ ನಮಸ್ಕಾರ ಮಾಡುತ್ತಿದ್ದ. ಪುಣೆಯ ನಮ್ಮ ಸೊಸೈಟಿಯಲ್ಲಿ ಒಂದು ಗುಲ್ಮೊಹರಿನ ಟೊಂಗೆ ಕಡಿಸಲು ಮಹಾನಗರಪಾಲಿಕೆಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾಯುತ್ತೇವೆ. ಅಂಥ ನಾವು ನಾಲ್ಕು ಎಕರೆ ಹಸುರನ್ನು ಬುಡಮೇಲು ಮಾಡುವ ಯಂತ್ರಕ್ಕೆ ಪಾಲು ಕಳಿಸುವುದೇ? ಮಾರನೆಯ ದಿನ ತಮ್ಮನಿಗೆ ಇದನ್ನೇ ಸ್ವಲ್ಪ ನಯವಾಗಿ ಹೇಳಿದೆವು. ಅವನ ಉತ್ತರ ನಯವಾಗಿರಲಿಲ್ಲ. “ನೀವು ಅಲ್ಲಿ ಕುಂತು ಗಿಡಾ ಎಣಸ್ರಿ ಅಣ್ಣಾ, ನಾವು ಇಲ್ಲಿ ಕಾಲಾಗಿನ ಮುಳ್ಳು ಎಣಸ್ತೀವಿ” ಎಂದ.

ಆಮೇಲೆ ಅವನು ಹೇಳಿದ ಇನ್ನೊಂದು ಮಾತು ನಮ್ಮ ನಿದ್ದೆ ಕೆಡಿಸಿತು. ದುಡ್ಡು ಬರದಿದ್ದರೆ ಸರಪಳಿ ಕಟ್ಟಿ ಎಳೆಯುವುದು ಇದ್ದೇ ಇದೆ, ಹುಡುಗ ಟ್ರ್ಯಾಕ್ಟರ್ ಹೊಡೆಯುತ್ತಾನೆ ಎಂದ. ಹುಡುಗ ಎಂದರೆ ಅವನ ಮಗ. ಸರಪಳಿ ಕಟ್ಟಿ ಬೊಡ್ಡೆ ಎಳೆಯುವುದು ಎಂಥ ಕೆಲಸ ಎಂಬುದು ಟ್ರ್ಯಾಕ್ಟರ್ ಬಲ್ಲವರಿಗೆ ಗೊತ್ತು. ಸರಪಳಿಯನ್ನು ಕೆಳಗಿನ ಎಳೆಪಟ್ಟಿಗೆ ಕಟ್ಟದೆ ಅವಸರಕ್ಕೆ ಮೇಲೆ ಎಲ್ಲಿಯಾದರೂ ಕಟ್ಟಿದರೆ, ಬೊಡ್ಡೆ ಮಿಸುಕದೆ ನಿಂತಾಗ ಹಿಂದಿನ ಗಾಲಿ ಅಲ್ಲೇ ನಿಂತು ಮುಂದಿನ ಗಾಲಿಗಳು ಮೇಲೇಳುತ್ತವೆ. ಒಂದೆರಡು ಸೆಕೆಂಡಿನಲ್ಲಿ ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಿ ಹೊಡೆಯುವವನ ಮೇಲೆ ಬೀಳುತ್ತದೆ. ಕ್ಲಚ್ ತುಳಿಯಬೇಕೆಂದು ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಾವು ಬೇಡ ಎಂದರೆ ಜಾಲಿ ಉಳಿಯುವುದಿಲ್ಲ, ಹುಡುಗನಿಗೆ ಅಪಾಯ ಹೆಚ್ಚುತ್ತದೆ, ಅಷ್ಟೇ. ನಮ್ಮ ಕೈ ಶುಚಿಯಾಗಿ ಉಳಿಯಬೇಕೆಂಬ ಆಸೆಗೆ ಬೆಲೆ ತೆರುವವರು ಬೇರೆಯವರು. ದೂರದಲ್ಲಿರುವವರ ಧರ್ಮಸೂಕ್ಷ್ಮದಲ್ಲಿ ಈ ದೋಷ ಮೇಲಿಂದ ಮೇಲೆ ಇರುತ್ತದೆಂದು ನಮ್ಮ ಅನುಭವ. ಊರಿನ ದೇವರಿಗೆ ನಡೆದುಕೊಳ್ಳುವುದು, ಅವ್ವನ ಔಷಧೋಪಚಾರ, ಮನೆಯ ರಿಪೇರಿ, ಎಲ್ಲದರಲ್ಲಿಯೂ ನಾವು ಇಲ್ಲಿಂದ ತತ್ತ್ವ ಹೇಳುತ್ತೇವೆ, ಅವರು ಅಲ್ಲಿ ಮಾಡಿ ತೀರಿಸುತ್ತಾರೆ. ಇರಲಿ. ದುಡ್ಡು ಕಳಿಸಿದೆವು.

ಕಳಿಸಿದ ಮೇಲೂ ಮನಸ್ಸಿಗೆ ಒಂದು ಸಮರ್ಥನೆ ಬೇಕಿತ್ತು. ಪರದೇಶದ ಗಿಡ, ಬೇಡದ ಗಿಡ, ಕಿತ್ತರೇನು ಎಂಬುದು ಎಲ್ಲರ ಬಾಯಲ್ಲಿರುವ ಸಮರ್ಥನೆ. ಆದರೆ ಹೊರಗಿನಿಂದ ಬಂದದ್ದನ್ನು ಕೀಳಬೇಕು ಎಂಬ ಮಾತು ನಮ್ಮಂಥವರ ಕಿವಿಗೆ ಹಿತವಾಗಿ ಕೇಳಿಸುವುದಿಲ್ಲ. 1966ರ ತರುವಾಯ ಮುಂಬಯಿಯಲ್ಲಿ ದಕ್ಷಿಣದವರೆಂಬ ಕಾರಣಕ್ಕೆ ಹೋಟೆಲುಗಳ ಗಾಜು ಒಡೆದ ದಿನಗಳನ್ನು ನೆನೆಯುವ ಹಿರಿಯರು ನಮ್ಮ ಸಂಘಗಳಲ್ಲಿ ಇನ್ನೂ ಇದ್ದಾರೆ. ನಾವು ತಿನ್ನುವ ಮೆಣಸಿನಕಾಯಿ ಅಮೆರಿಕದ್ದು, ಶೇಂಗಾ ಅಮೆರಿಕದ್ದು, ಪೇರಲವೂ ಅಲ್ಲಿಯದೇ. ಬಂದದ್ದು ತಪ್ಪಲ್ಲ. ಹಾಗೆಂದು ಮನುಷ್ಯರ ಮಾತನ್ನು ಗಿಡಕ್ಕೆ, ಗಿಡದ ಮಾತನ್ನು ಮನುಷ್ಯರಿಗೆ ಅಂಟಿಸುವುದೂ ಸರಿಯಲ್ಲ. ಬಳ್ಳಾರಿ ಜಾಲಿಯ ಮೇಲಿರುವ ಆಕ್ಷೇಪ ಬೇರೆ. ತನ್ನ ಕೆಳಗೆ ಅದು ಹುಲ್ಲು ಸಹ ಸರಿಯಾಗಿ ಬೆಳೆಯಗೊಡುವುದಿಲ್ಲ. ದನ, ಆಡು ಅದರ ಸಿಹಿ ಕಾಯಿ ತಿಂದು ಸಗಣಿ ಹಿಕ್ಕೆಗಳಲ್ಲಿ ಬೀಜ ಹೊತ್ತೊಯ್ದು ಪಕ್ಕದ ಹೊಲಕ್ಕೂ ಹಾಕುತ್ತವೆ. ನಾವು ಬೀಳು ಬಿಟ್ಟದ್ದರಿಂದ ನೆರೆಯವನ ಬದುವೂ ಕೆಟ್ಟಿದೆ. ತಪ್ಪೆಂದರೆ ಗಿಡದ್ದಕ್ಕಿಂತ ನಮ್ಮದು ದೊಡ್ಡದು.

ಕಾಯಿದೆಯೂ ಇಲ್ಲಿ ನಮ್ಮನ್ನು ಬಿಟ್ಟುಬಿಡುತ್ತದೆ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಸ್ವಂತ ಹೊಲದ ಗಿಡ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು; ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಆದರೆ ಕಾಯಿದೆ ಬಿಟ್ಟಲ್ಲಿಂದಲೇ ನಮ್ಮ ಪ್ರಶ್ನೆ ಶುರುವಾಗುತ್ತದೆ.

ಕೀಳುವುದನ್ನೇ ಒಂದು ನೀತಿಯಾಗಿ ಮಾಡಿದ ಜನ ನಮ್ಮ ನಾಡಿನಲ್ಲಿಯೇ ಇದ್ದರು. 1983ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನಡೆದು ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಹಾಕಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಶಿರಸಿಯ ಸಲಕಣಿಯಲ್ಲಿ ಜನ ಗಿಡಗಳನ್ನು ಅಪ್ಪಿಕೊಂಡು ಕಡಿಯದಂತೆ ತಡೆದರು. ಒಂದೇ ಮಳೆಗಾಲದಲ್ಲಿ ಒಂದು ಕಡೆ ಅಪ್ಪಿಕೊಳ್ಳುವುದು, ಇನ್ನೊಂದು ಕಡೆ ಕೀಳುವುದು! ಎರಡನ್ನೂ ಮಾಡಿದವರು ಗಿಡಗಳನ್ನು ನಂಬಿ ಬದುಕುವವರೇ. ಮುಂದೆ 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸರ್ಕಾರ ಹಳ್ಳಿಗಳ ಗಾಯರಾಣವನ್ನು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಕೊಟ್ಟು ಅಲ್ಲಿ ನೀಲಗಿರಿ ಬೆಳೆಸಹೊರಟಾಗ, ಜನ ಮೊದಲೇ ಸಾರಿ ಹೇಳಿ, ಹಗಲುಹೊತ್ತಿನಲ್ಲಿ ಹೋಗಿ ಕೆಲವು ಸಸಿಗಳನ್ನು ಕೈಯಿಂದ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ಕೊನೆಗೆ 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಉತ್ತರ ಕರ್ನಾಟಕದವರಾದ ನಮಗೆ ಆ ಹೆಸರು ಈಗಲೂ ಇಷ್ಟ. ಕಿತ್ತಿಕೋ ಎಂದಮೇಲೆ ಹಚ್ಚಿಕೋ ಎಂಬುದನ್ನು ಅದು ಬಿಡಿಸಿ ಹೇಳುವುದಿಲ್ಲ, ಒಂದೇ ಉಸಿರಿನಲ್ಲಿ ಹೇಳುತ್ತದೆ. ಅವರು ಕೈಯಿಂದ ಕಿತ್ತರೆಂಬುದನ್ನೂ ಮರೆಯಬಾರದು. ಯಾವುದನ್ನು ಕೀಳುತ್ತಿದ್ದೇವೆಂದು ಆ ಕೈಗಳಿಗೆ ಗೊತ್ತಿತ್ತು.

ಇದರ ಅರ್ಥ ನಮಗೆ ಆದದ್ದು ಕಾರಹುಣ್ಣಿಮೆಗೆ ಊರಿಗೆ ಹೋದಾಗ. ಮನೆಯಲ್ಲಿ ಈಗ ಎತ್ತುಗಳಿಲ್ಲ. ತಮ್ಮನ ಹೆಂಡತಿ ಟ್ರ್ಯಾಕ್ಟರಿಗೇ ಕುಂಕುಮ ಹಚ್ಚಿ ಹೋಳಿಗೆ ಎಡೆ ಹಿಡಿದಿದ್ದಳು. ಮೊದಲ ಮಳೆ ಬಿದ್ದು ನೆಲ ಆರಿ ಹದಕ್ಕೆ ಬಂದಿತ್ತು. ಎರಡು ದಿನದ ಕೆಲಸ ಆಗಲೇ ಮುಗಿದಿದ್ದು, ಕಿತ್ತ ಜಾಲಿ ಬೇರು ಮೇಲಾಗಿ ಸಾಲಾಗಿ ಬಿದ್ದಿತ್ತು. ಆ ಸಾಲಿನಲ್ಲಿ ನಾಲ್ಕು ಬೇವಿನ ಗಿಡಗಳೂ ಇದ್ದವು. ಹಕ್ಕಿ ಹಾಕಿದ ಬೀಜದಿಂದ ಜಾಲಿಯ ನಡುವೆ ತಾವಾಗಿ ಎದ್ದವು, ಮಣಿಕಟ್ಟಿನ ಗಾತ್ರದವು, ಎಲೆ ಇನ್ನೂ ಬಾಡಿರಲಿಲ್ಲ. ಹುಡುಗನನ್ನು ಕೇಳಿದೆವು. ಅವನು ತಲೆ ತಗ್ಗಿಸಿ, “ದೊಡ್ಡಪ್ಪಾ, ಹಿಂದ ತಿರುಗಿ ನೋಡಕೋತ ರಿವರ್ಸ್ ಹೊಡೀಬೇಕು. ಬೊಡ್ಡಿ ಅಷ್ಟ ಕಾಣತದ. ಯಾವ ಗಿಡಾ ಅಂತ ಮ್ಯಾಲ ನೋಡೂದ್ರಾಗ ಅದು ಎದ್ದು ಬಂದಿರತದ” ಎಂದ.

ಅವನು ಸುಳ್ಳು ಹೇಳಲಿಲ್ಲ. ಕೊಡಲಿ ಹಿಡಿದವನಿಗೆ ಮೊದಲ ಏಟಿಗೇ ಬೇವಿನ ವಾಸನೆ ಬರುತ್ತದೆ. ಗುದ್ದಲಿಯವನು ಒಂದು ಬೊಡ್ಡೆಗೆ ಅರ್ಧ ದಿನ ಬಗ್ಗಿರುತ್ತಾನೆ, ದಣಿವಾರಿಸಿಕೊಳ್ಳಲು ನಿಂತಾಗಲಾದರೂ ತಲೆ ಎತ್ತಿ ನೋಡುತ್ತಾನೆ. ಇದನ್ನು ಬಿಡೋಣ, ಮುಂದಿನದನ್ನು ತೆಗೆಯೋಣ ಎಂದು ಹೇಳಿಕೊಡುತ್ತಿದ್ದದ್ದು ಅರ್ಧಕ್ಕರ್ಧ ಅವನ ದಣಿವೇ. ನಮ್ಮ ಹಿರಿಯರ ದಯೆಯಲ್ಲಿ ಎಷ್ಟು ಪಾಲು ದಯೆ, ಎಷ್ಟು ಪಾಲು ಸೊಂಟನೋವು ಎಂದು ಬೇರ್ಪಡಿಸುವುದು ಕಷ್ಟ. ಯಂತ್ರ ಸೊಂಟನೋವನ್ನು ತೆಗೆದುಹಾಕಿತು, ಒಳ್ಳೆಯದೇ ಮಾಡಿತು. ಅದರ ಜೊತೆ ಆ ನಿಂತು ನೋಡುವ ಹೊತ್ತೂ ಹೋಯಿತು. ಅದನ್ನು ಈಗ ಬೇಕೆಂದೇ ತಂದು ಇಡಬೇಕು, ತಾನಾಗಿ ಬರುವುದಿಲ್ಲ. ಮರುದಿನ ಬೆಳಗ್ಗೆ ಅಣ್ಣತಮ್ಮಂದಿರು ಮೂವರೂ ಹೊಲ ತಿರುಗಿ, ಬಿಡಬೇಕಾದ ಗಿಡಗಳ ಬುಡಕ್ಕೆಲ್ಲ ಸುಣ್ಣ ಬಳಿದೆವು. ಬೇವು ಹನ್ನೊಂದು, ಬನ್ನಿ ಎರಡು, ಒಂದು ಕರಿಜಾಲಿ. ನಾಲ್ಕು ಎಕರೆಯಲ್ಲಿ ಇಷ್ಟು ಇವೆಯೆಂದು ಮೂವರಿಗೂ ಗೊತ್ತಿರಲಿಲ್ಲ.

ಸುಣ್ಣ ಬಳಿಯುತ್ತಿದ್ದಾಗ ಊರ ಮುದುಕಿಯೊಬ್ಬಳು ಬಂದು ನಿಂತಳು. ವರ್ಷಗಳಿಂದ ಆಕೆ ಸೌದೆ ಮಾಡಿಕೊಳ್ಳುತ್ತಿದ್ದದ್ದು ಈ ಬೀಳಿನಿಂದಲೇ. ಮನೆಯಲ್ಲಿ ಗ್ಯಾಸಿನ ಸಿಲಿಂಡರ್ ಇದೆ, ತುಂಬಿಸುವ ದುಡ್ಡು ಇಲ್ಲ. “ಹೊಲಾ ಹಸನ ಆತು, ಚಲೋ ಆತ್ರಪ್ಪಾ. ನಮ್ಮ ಒಲೀ?” ಎಂದಳು. ಪುಣೆಯಲ್ಲಿ ಪಾಪಪುಣ್ಯ ತೂಗುವಾಗ ಆಕೆಯ ಒಲೆ ನಮ್ಮ ತಕ್ಕಡಿಯಲ್ಲಿ ಇರಲೇ ಇಲ್ಲ. ನಾವು ಉತ್ತರ ಹುಡುಕುವ ಮೊದಲೇ ತಮ್ಮ, “ಹಳ್ಳದ ದಂಡಿಗೆ ಅರ್ಧ ಎಕರೆ ಜಾಲಿ ಹಂಗ ಬಿಟ್ಟೀನವ್ವಾ, ಕಿತ್ತಿದ್ದನ್ನೂ ಒಯ್ಯಿ” ಎಂದ. ನಮಗೆ ಅವನು ಅದನ್ನು ಹೇಳಿರಲೇ ಇಲ್ಲ. ಬಿಟ್ಟ ಆ ಅರ್ಧ ಎಕರೆಯಿಂದ ಬೀಜ ಮತ್ತೆ ಹೊಲಕ್ಕೆ ಬರುತ್ತದೆ, ವರ್ಷ ವರ್ಷ ಸಸಿ ಕೀಳುತ್ತಲೇ ಇರಬೇಕಾಗುತ್ತದೆ ಎಂಬುದೂ ಅವನಿಗೆ ಗೊತ್ತು.

ಈಗ ಆ ಸಲಕರಣೆ ಬಾಡಿಗೆಗೂ ಹೋಗುತ್ತಿದೆ. ಹೋದ ತಿಂಗಳು ರಾತ್ರಿ ಹೊತ್ತಿನಲ್ಲಿ ಒಬ್ಬ ಬಂದು, ಬದುವಿನ ಮೇಲಿನ ಒಂದು ಎಳೆ ಬೇವನ್ನು ಸದ್ದಿಲ್ಲದೆ ಕಿತ್ತುಕೊಡು, ಎರಡರಷ್ಟು ಬಾಡಿಗೆ ಕೊಡುತ್ತೇನೆ ಎಂದನಂತೆ. ಅದು ಅವನಿಗೂ ಅವನ ಅಣ್ಣನಿಗೂ ನಡುವಿನ ಬದು. ಅಲ್ಲಿಯ ಗಡಿಕಲ್ಲು ಎಂದೋ ಸರಿದಿದೆ. ಉಳಿದಿರುವ ಗುರುತು ಆ ಬೇವೊಂದೇ. ತಮ್ಮ ಒಲ್ಲೆ ಎಂದ. ನಮಗೆ ಫೋನಿನಲ್ಲಿ ಹೇಳುವಾಗ ಮಾತ್ರ ಅವನ ದನಿಯಲ್ಲಿ ಗೆದ್ದ ಭಾವ ಇರಲಿಲ್ಲ. “ಜೇಸಿಬಿ ತರಿಸಿ ಕೀಳತಾನ ಅಣ್ಣಾ. ನಾ ಒಲ್ಲೆ ಅಂದದ್ದಕ್ಕ ಏನಾತು?” ಎಂದ. ಹೇಳುವುದಕ್ಕೆ ನಮ್ಮಲ್ಲಿ ಏನೂ ಇರಲಿಲ್ಲ. ಮೊದಲ ಸಲ, ಇಲ್ಲಿಂದ ಏನನ್ನೂ ಹೇಳಲಿಲ್ಲ.

ಮೊನ್ನೆ ಕೇಳಿದಾಗ ಬೇವು ಇನ್ನೂ ಬದುವಿನ ಮೇಲೆ ನಿಂತಿದೆ ಎಂದ. ಎಳ್ಳಮಾಸಿಗೆ ಚರಗ ಚೆಲ್ಲಲು ಮಕ್ಕಳನ್ನೂ ಕರೆದುಕೊಂಡು ಬರಬೇಕೆಂದು ಹೇಳಿ, ಸುಣ್ಣ ಮಳೆಗೆ ತೊಳೆದುಹೋಗಿದೆ, ಬರುವಾಗ ಒಂದು ಡಬ್ಬಿ ಬಿಳಿ ಆಯಿಲ್ ಪೇಂಟ್ ತನ್ನಿರಿ ಎಂದು ಫೋನು ಇಟ್ಟ.