ಕೂದಲು ಉದುರದ ನಾಯಿ ಬೇಕು

ಪುಣೆಯಲ್ಲಿ ನನಗೆ ಪರಿಚಯವಿರುವವರಲ್ಲಿ ನಾಯಿ ತರಬೇಕೆನ್ನುವ ಅನೇಕರು ಈಗ ಕೇಳುವುದು ಪೂಡಲ್ ಬೆರಕೆಯನ್ನು. ಲ್ಯಾಬ್ರಡೂಡಲ್, ಕಾಕಪೂ, ಇನ್ನೂ ಏನೇನೋ ಹೆಸರು. ಕೂದಲು ಉದುರುವುದಿಲ್ಲವಂತೆ, ಅಲರ್ಜಿ ಆಗುವುದಿಲ್ಲವಂತೆ, ಮಕ್ಕಳಿಗೆ ಹೊಂದಿಕೊಳ್ಳುತ್ತದಂತೆ. ಕೇಳುತ್ತಿದ್ದರೆ ವಧೂವರರ ಜಾಹೀರಾತು ಓದಿದ ಹಾಗಾಗುತ್ತದೆ. ಬೇಕಾದ ಗುಣಗಳ ಪಟ್ಟಿ ಮೊದಲು, ಜೊತೆಗಾರ ಆಮೇಲೆ. ಇದು ಸರಿಯೇ?

ತಪ್ಪೆಂದು ಥಟ್ಟನೆ ಹೇಳಲಾರೆ. ಈ ಬೆರಕೆ ಹೆಸರುವಾಸಿಯಾದದ್ದೇ ಒಬ್ಬರ ನಿಜವಾದ ಕಷ್ಟದಿಂದ. 1980ರ ದಶಕದ ಕೊನೆಯಲ್ಲಿ ಹವಾಯಿಯ ಒಬ್ಬ ಅಂಧ ಮಹಿಳೆಗೆ ದಾರಿ ತೋರುವ ನಾಯಿ ಬೇಕಿತ್ತು. ಗಂಡನಿಗೆ ನಾಯಿಯ ಕೂದಲು ಆಗುತ್ತಿರಲಿಲ್ಲ. ಆಸ್ಟ್ರೇಲಿಯಾದ ಅಂಧರ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಮೊದಲು ಪೂಡಲ್‌ಗಳನ್ನೇ ಪರೀಕ್ಷಿಸಿ, ಅವು ಆ ಕೆಲಸಕ್ಕೆ ಒಗ್ಗದಿದ್ದಾಗ ಲ್ಯಾಬ್ರಡಾರ್ ಜೊತೆ ಕೂಡಿಸಿದರು. ಹುಟ್ಟಿದ್ದು ಮೂರು ಮರಿ. ಕೂದಲು, ಜೊಲ್ಲು ಹವಾಯಿಗೆ ಹೋದವು. ಆ ಗಂಡನಿಗೆ ಒಗ್ಗಿದ್ದು ಒಂದೇ ಮರಿ.

ಒಂದೇ ತಾಯಿ, ಒಂದೇ ತಂದೆ, ಆದರೂ ಮೂರರಲ್ಲಿ ಒಂದು. ನಮ್ಮವರು ಕೇಳಿಸಿಕೊಳ್ಳದೆ ಬಿಟ್ಟದ್ದು ಈ ಲೆಕ್ಕವನ್ನು. ಆ ಮರಿಗಳನ್ನು ಬೆರಕೆಯೆಂದು ಮನೆಯಲ್ಲಿಟ್ಟುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಆಗ ಲ್ಯಾಬ್ರಡೂಡಲ್ ಎಂಬ ಹೊಸ ಹೆಸರು ಹೊರಬಂತು, ಕೇಳುವವರು ಮುಗಿಬಿದ್ದರು. ನಾಯಿ ಅದೇ, ಬದಲಾದದ್ದು ಹೆಸರು ಮಾತ್ರ. ಹೆಸರಿನ ಬೆನ್ನು ಹತ್ತಿ ಹಣಕ್ಕಾಗಿ ಸಿಕ್ಕಸಿಕ್ಕಂತೆ ಮರಿ ಮಾಡಿಸುವವರು ಹುಟ್ಟಿಕೊಂಡಿದ್ದನ್ನು ನೋಡಿ ಕಾನ್ರನ್ ಆಮೇಲೆ ಬಹಿರಂಗವಾಗಿಯೇ ಪರಿತಪಿಸಿದರು.

ಅಲರ್ಜಿ ತರುವ ಪ್ರೋಟೀನು ಬರಿಯ ಕೂದಲಿನಲ್ಲಿಲ್ಲ, ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುತ್ತದೆ. ಉದುರದ ಕೂದಲಿಗೂ ಅದರದೇ ಬೆಲೆಯಿದೆ: ಅದು ಒಳಗೊಳಗೇ ಗಂಟುಕಟ್ಟಿ ಚರ್ಮವನ್ನು ಎಳೆಯುತ್ತದೆ. ದಿನವೂ ಬಾಚಬೇಕು, ಕೆಲವು ವಾರಕ್ಕೊಮ್ಮೆ ಕತ್ತರಿಸಬೇಕು. ಸೋಫಾ ಒರೆಸುವ ಕೆಲಸ ತಪ್ಪಿತೆಂದು ತಂದವರು ಈಗ ಬಾಚಣಿಗೆ ಹಿಡಿದು ಕೂರುತ್ತಾರೆ. (ಅದೇನೂ ಕೆಟ್ಟ ಸಂಜೆಯಲ್ಲ, ಕೂರಲು ಸಂಜೆ ಇದ್ದರೆ.)

"ಬೀದಿಯಲ್ಲೇ ಇಷ್ಟು ನಾಯಿಗಳಿರುವಾಗ ಇದೆಲ್ಲ ಯಾಕೆ?" ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ, ಅದು ಬೀದಿಯ ನಾಯಿಗೂ ಅನ್ವಯಿಸುತ್ತದೆ. ನಮ್ಮ ಮನೆಯ ಬಾಡಿಗೆ ಕರಾರು 11 ತಿಂಗಳಿನದು. ನಾಯಿಯ ಆಯುಸ್ಸು ಹನ್ನೆರಡು, ಹದಿಮೂರು ವರ್ಷ. ಅಷ್ಟರಲ್ಲಿ ಹೈದರಾಬಾದೋ ಗುರುಗ್ರಾಮವೋ ಕರೆಯಬಹುದು, ಮಗು ಹುಟ್ಟಬಹುದು, ಊರಿನಲ್ಲಿ ಅಪ್ಪ ಹಾಸಿಗೆ ಹಿಡಿಯಬಹುದು. "ಒಳ್ಳೆಯ ಮನೆ ಬೇಕಾಗಿದೆ" ಎಂದು ಫೋಟೋ ಸಮೇತ ಬರುವ ಸಂದೇಶಗಳನ್ನು ನೀವೂ ನೋಡಿರುತ್ತೀರಿ.

ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ನಡೆದ ನಾಯಿಯ ತಳಿಯನ್ನು ಯಾರೂ ಕೇಳಲಿಲ್ಲ, ಅವನು ಅದನ್ನು ಆರಿಸಿಕೊಂಡವನೂ ಅಲ್ಲ. ಇಂದ್ರ ಹೇಳಿದ್ದು ನಮ್ಮ ಮನೆ ಮಾಲೀಕರು ಹೇಳುವುದನ್ನೇ: ಇಲ್ಲಿ ನಾಯಿಗೆ ಜಾಗವಿಲ್ಲ. ಧರ್ಮದ ಪರೀಕ್ಷೆ ನಡೆದದ್ದು ನಾಯಿಯನ್ನು ತರುವಾಗ ಅಲ್ಲ, ಬಿಟ್ಟು ಹೋಗೆಂದಾಗ.

ಆದ್ದರಿಂದ ಪೂಡಲ್ ಬೆರಕೆ ತರಬಹುದೇ ಎಂದು ಕೇಳಿದವರಿಗೆ ನಾನು ತಳಿಯ ಮಾತಾಡುವುದನ್ನು ಬಿಟ್ಟಿದ್ದೇನೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮವೇ ಇದೆ. ಆ ವಾರಗಳಲ್ಲಿ ಎರಡು ಮೂರು ಸಲ ಹೋಗಿ. ತಾಯಿಯನ್ನು ತೋರಿಸಲು ಒಪ್ಪದವರ ಹತ್ತಿರ ತೆಗೆದುಕೊಳ್ಳಬೇಡಿ. ಅಲರ್ಜಿ ಇರುವವರು ಬಾಗಿಲು ಹಾಕಿದ ಕೋಣೆಯಲ್ಲಿ ಅದೇ ಮರಿಯ ಜೊತೆ ಒಂದು ಗಂಟೆ ಕೂತುಬರಲಿ, ಅದು ಕೈ ನೆಕ್ಕಲಿ. ಮನೆಗೆ ಬಂದು ಕರಾರಿನ ಕಾಗದವನ್ನು ಇನ್ನೊಮ್ಮೆ ತೆಗೆದು ಓದಿ.