‘ಕನ್ವರ್ಟ್’ ಎಂಬ ಮಾತು

ಸುಗಟೂರು ಸೀಮೆಯಲ್ಲಿ ಇಂಗ್ಲಿಷನ್ನು ಓದದ ಬೇಸಾಯಗಾರನೂ ಸಲೀಸಾಗಿ ಆಡುವ ಇಂಗ್ಲಿಷ್ ಕ್ರಿಯಾಪದವೊಂದುಂಟು, ಅದು ‘ಕನ್ವರ್ಟ್’. “ಹೊಲ ಕನ್ವರ್ಟ್ ಆಯ್ತೇನಣ್ಣ?” ಎಂದು ಒಬ್ಬನು ಕೇಳಿದರೆ, “ಅರ್ಜಿ ಕೊಟ್ಟಿದೀವಪ್ಪ, ಇನ್ನೂ ಆಗಿಲ್ಲ” ಎಂದು ಮತ್ತೊಬ್ಬನು ಹೇಳುವನು. ಪರದೇಶದಲ್ಲಿರುವ ಮಗನು ಕಳುಹಿಸಿದ ಡಾಲರು ರೂಪಾಯಿಯಾಗುವುದಕ್ಕೂ ಅದೇ ಮಾತು. ಮನುಷ್ಯನೊಬ್ಬನು ಮತವನ್ನು ಬಿಟ್ಟು ಮತವನ್ನು ಹಿಡಿಯುವುದಕ್ಕೂ, ಕೆರೆಯು ಬಡಾವಣೆಯಾಗುವುದಕ್ಕೂ ಅದೇ ಮಾತು. ಇದು ನಿಘಂಟುಕಾರರು ಮಾತ್ರ ಚಿಂತಿಸಬೇಕಾದ ವಿಷಯವೆಂದು ತೋರಬಹುದು. ಆದರೆ ನಾಲ್ಕು ಬಗೆಯ ಕಾರ್ಯಗಳಿಗೆ ಒಂದೇ ಹೆಸರಾದಾಗ, ಅವುಗಳ ಗುಣದೋಷಗಳೂ ಒಂದೇ ಎಂದು ಮನಸ್ಸು ತನಗೆ ತಿಳಿಯದಂತೆಯೇ ಒಪ್ಪಿಬಿಡುತ್ತದೆ.

ಆ ಪದದ ಮೂಲವು ಲ್ಯಾಟಿನ್ ಭಾಷೆಯ ‘ವೆರ್ತೆರೆ’. ತಿರುಗಿಸು ಎಂದು ಅದರ ಅರ್ಥ. ಸಂಸ್ಕೃತದ ‘ವೃತ್’ ಧಾತುವೂ ಅದೂ ಒಂದೇ ಕುಲದವು. ಆದುದರಿಂದ ‘ಪರಿವರ್ತನೆ’ ಎಂಬ ನಮ್ಮ ಶಬ್ದವು ‘ಕನ್ವರ್ಟ್’ ಎಂಬುದಕ್ಕೆ ಬರಿಯ ಭಾಷಾಂತರವಲ್ಲ, ದಾಯಾದಿ. ತಿರುಗುವುದೆಂದರೆ ಏನು? ತಿರುಗುವ ವಸ್ತುವು ತಿರುಗಿದ ಮೇಲೂ ಇರಬೇಕು. ಮತ್ತೆ ಹಿಂದಕ್ಕೆ ತಿರುಗುವ ದಾರಿಯೂ ತೆರೆದಿರಬೇಕು. ಡಾಲರಿನ ವಿಷಯದಲ್ಲಿ ಇದು ಸರಿಹೋಗುತ್ತದೆ. ಸ್ವಲ್ಪ ವಟ್ಟವನ್ನು ಕಳೆದುಕೊಂಡು ರೂಪಾಯಿಯು ಪುನಃ ಡಾಲರಾಗಬಲ್ಲುದು. ಹೊಲದ ವಿಷಯದಲ್ಲಿಯೋ?

ಬೇಸಾಯದ ಭೂಮಿಯನ್ನು ಬೇರೆ ಉಪಯೋಗಕ್ಕೆ ತರಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕೆಂದು ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ೯೫ನೆಯ ಪ್ರಕರಣವು ವಿಧಿಸುತ್ತದೆ. ದಸ್ತಾವೇಜಿನ ಭಾಷೆಯಲ್ಲಿ ಇದಕ್ಕೆ ‘ಅನ್ಯಕ್ರಾಂತ’ವೆಂದು ಹೆಸರು. ಕಾಯಿದೆಯು ತಿರುಗಿಸುವುದು ಉಪಯೋಗವನ್ನು, ಮಣ್ಣನ್ನಲ್ಲ. ಆಜ್ಞೆ ಹೊರಟ ಮರುದಿನವೂ ಆ ಹೊಲದಲ್ಲಿ ರಾಗಿ ಚೆಲ್ಲಿದರೆ ರಾಗಿಯೇ ಮೊಳೆಯುವುದು. ಜಲ್ಲಿ, ಸಿಮೆಂಟುಗಳು ಬಿದ್ದ ಮೇಲೆ ಮಾತ್ರ ಆ ಮಾತಿಲ್ಲ.

ಇದಕ್ಕೆ ವಿರುದ್ಧವಾದ ಸಂಗತಿಯೊಂದನ್ನು ಕೋಲಾರದ ನೆಲವೇ ಕಂಡಿದೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಈ ಜಿಲ್ಲೆಯ ಎಷ್ಟೋ ರಾಗಿಯ ಹೊಲಗಳಲ್ಲಿ ನೀಲಗಿರಿ ಎದ್ದಿತು. ಅದಕ್ಕೆ ಅನ್ಯಕ್ರಾಂತದ ಆಜ್ಞೆ ಬೇಕಾಗಲಿಲ್ಲ. ಹೊಲವು ಕಾಗದದಲ್ಲಿ ಹೊಲವಾಗಿಯೇ ಉಳಿಯಿತು. ಆದರೆ ಬೇರುಗಳು ಕೆಳಗಿಳಿದುವು. ಕಡಿದಷ್ಟೂ ಬುಡವು ಚಿಗುರಿತು. ೨೦೧೭ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆ ನೆಲವನ್ನು ಮತ್ತೆ ರಾಗಿಗೆ ತಿರುಗಿಸಬೇಕೆಂದವನು ಜೆ.ಸಿ.ಬಿ. ತರಿಸಿ ಬೊಡ್ಡೆಗಳನ್ನು ಕೀಳಿಸಬೇಕು. ಅದರ ಬಾಡಿಗೆಯನ್ನು ಎಣಿಸುವಾಗ ‘ಪರಿವರ್ತನೆ’ಯೆಂಬ ಮಾತಿನ ನಿಜವಾದ ತೂಕವು ಅವನಿಗೆ ತಿಳಿಯುತ್ತದೆ. ಮಣ್ಣು ಬದಲಾಗದೆ ಇದ್ದಲ್ಲಿ ಆ ಹೆಸರನ್ನಿಟ್ಟು, ನಿಜವಾಗಿ ಬದಲಾದಲ್ಲಿ ಇಡದೆ ಹೋದುದು ವಿಚಿತ್ರವೇ ಸರಿ.

ಇನ್ನೊಂದು ತೊಡಕು ಕರ್ತೃವಿನದು. ‘ಕನ್ವರ್ಟ್ ಆಯಿತು’ ಎನ್ನುವಲ್ಲಿ ಮಾಡಿದವನೇ ಇಲ್ಲ. ಮಳೆ ಬಂದಂತೆ, ಹಣ್ಣು ಮಾಗಿದಂತೆ ಎಲ್ಲವೂ ತಾನಾಗಿ ನಡೆದುಹೋಗುತ್ತದೆ. ಹಿಂದಿನವರು ಕೆರೆಯನ್ನೂ ಕೋಟೆಯನ್ನೂ ‘ಕಟ್ಟಿಸಿದರು’ ಎಂದರು. ೧೫೯೫ರ ಸುಮಾರಿನಲ್ಲಿ ಹೊಸಕೋಟೆಯನ್ನು ಕಟ್ಟಿಸಿದ ಸುಗಟೂರಿನ ತಮ್ಮೇಗೌಡನ ಹೆಸರು ಆ ಊರಿನೊಡನೆ ಇಂದಿಗೂ ಉಳಿದಿದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆಯು ಬಸ್ಸು ನಿಲ್ದಾಣವಾದುದನ್ನು ಎಲ್ಲರೂ ಬಲ್ಲರು. ಅದನ್ನು ಹಾಗೆ ಮಾಡಿದವನ ಹೆಸರನ್ನು ಅಲ್ಲಿ ಬಸ್ಸು ಹತ್ತುವವರನ್ನು ಕೇಳಿ ನೋಡಬೇಕು.

ಕರ್ತೃವೂ ಕರ್ಮವೂ ಒಬ್ಬನೇ ಆಗಿರುವ ಪರಿವರ್ತನೆಯೂ ಉಂಟು. ಅಯೋತಿದಾಸ ಪಂಡಿತರು ೧೮೯೮ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ಬೌದ್ಧ ಸಂಘದ ಶಾಖೆಯೊಂದು, ಮುಂದಿನ ಶತಮಾನದ ಆರಂಭಕಾಲದಲ್ಲಿಯೇ ಚಿನ್ನದ ಗಣಿಯ ಮಾರಿಕುಪ್ಪದಲ್ಲಿ ನಡೆಯುತ್ತಿತ್ತು. ನೆಲದಾಳದಲ್ಲಿ ದುಡಿಯುತ್ತಿದ್ದ ಜನರು, ತಾವು ಹೊಸದೊಂದು ಮತಕ್ಕೆ ಹೋದೆವೆನ್ನದೆ, ತಮ್ಮ ಪೂರ್ವಿಕರ ಧರ್ಮಕ್ಕೆ ಮರಳಿದೆವೆಂದು ತಿಳಿದರು. ಡಾ. ಅಂಬೇಡ್ಕರರು ೧೯೩೫ರಲ್ಲಿ ಯೇವಲೆಯಲ್ಲಿ ತಮ್ಮ ನಿಶ್ಚಯವನ್ನು ಸಾರಿ, ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆಯನ್ನು ಪಡೆದರು. ನಡುವೆ ಇಪ್ಪತ್ತೊಂದು ವರ್ಷಗಳ ವಿಚಾರ. ಇಲ್ಲಿ ಪದವು ತನ್ನ ಮೂಲಾರ್ಥಕ್ಕೆ ಬರುತ್ತದೆ: ಯಾರೂ ತಿರುಗಿಸಲಿಲ್ಲ, ಮನುಷ್ಯನೇ ತಿರುಗಿದನು. ಹೊಲಕ್ಕೂ ಕೆರೆಗೂ ಆ ಸ್ವಾತಂತ್ರ್ಯವಿಲ್ಲ. ಅವುಗಳ ಪರವಾಗಿ ಒಪ್ಪಿಗೆಯನ್ನು ಕೊಡುವವರು ಬೇರೆಯವರು.

ನೀರಿನ ಕಥೆ ಎಲ್ಲಕ್ಕಿಂತ ಜಟಿಲವಾದುದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧಿಗೊಳಿಸಿ, ದಿನಕ್ಕೆ ೪೪ ಕೋಟಿ ಲೀಟರಿನಂತೆ ಕೋಲಾರದ ನೂರಕ್ಕೂ ಮೇಲ್ಪಟ್ಟ ಕೆರೆಗಳಿಗೆ ತುಂಬಿಸಿ ಅಂತರ್ಜಲವನ್ನು ಹೆಚ್ಚಿಸಬೇಕೆಂಬುದು ಯೋಜನೆ. ೨೦೧೮ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರದ ಕೆರೆಗೆ ನೀರು ಬಂದಿತು. ಜುಲೈನಲ್ಲಿ ನೊರೆ ಕಂಡಿತು. ಹೈಕೋರ್ಟು ಕೆಲವು ಕಾಲ ತಡೆಯಿತು. ಎರಡನೆಯ ಹಂತದ ಶುದ್ಧಿ ಸಾಲದು, ಮೂರನೆಯದೂ ಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿಯು ವಾದಿಸಿತು. ಬತ್ತಿದ ಬೋರುಬಾವಿಯ ಮುಂದೆ ನಿಂತವನಿಗೆ ಆ ವಾದವು ಒಮ್ಮೊಮ್ಮೆ ದೂರದ ಮಾತಾಗಿ ಕೇಳಿಸಿದರೆ ತಪ್ಪೆನ್ನಲಾಗದು. ಆ ನೀರನ್ನುಂಡ ಸೊಪ್ಪನ್ನು ತಿನ್ನಬೇಕಾದವನ ಶಂಕೆಯನ್ನೂ ಹಳಿಯಲಾಗದು. ಚಲ್ಲಘಟ್ಟವೆಂಬುದೂ ಒಂದು ಕಾಲಕ್ಕೆ ಕೆರೆಯೇ. ಅದು ‘ಕನ್ವರ್ಟ್’ ಆಗಿ ಗಾಲ್ಫ್ ಆಡುವ ಮೈದಾನವಾಯಿತು. ಕೆರೆಯನ್ನು ಕಳೆದುಕೊಂಡ ಕಣಿವೆಯ ಕೊಳಚೆಯು ನೀರನ್ನು ಕಳೆದುಕೊಂಡ ಕೆರೆಗಳಿಗೆ ಹರಿಯಿತು.

ಸರ್ಕಾರದ ಕಾಗದದಲ್ಲಿ ಅದು ‘ಸಂಸ್ಕರಿಸಿದ ನೀರು’. ಸಂಸ್ಕಾರವೆಂಬುದು ದೊಡ್ಡ ಮಾತು; ಹುಟ್ಟಿಗೂ ಸಾವಿಗೂ ನಾವು ಅದನ್ನು ಬಳಸುತ್ತೇವೆ. ಆದರೆ ಕೋಲಾರದ ಜನರು ಅದನ್ನು ಸಂಸ್ಕರಿಸಿದ ನೀರೆಂದು ಕರೆಯುವುದು ಅಪರೂಪ. ಅದು ಬಂದ ಊರಿನ ಹೆಸರನ್ನು ಅವರು ಇನ್ನೂ ಬಿಟ್ಟಿಲ್ಲ, ‘ಕೆ.ಸಿ. ವ್ಯಾಲಿ ನೀರು’ ಎಂದೇ ಅನ್ನುತ್ತಾರೆ.