ಅತಿಭಾರಾರೋಪಣ: ಇಂದಿನ ಶ್ರಾವಕನ ಹೊಣೆ

ಅಹಿಂಸಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತು, ಕುದುರೆ, ಆಳುಗಳ ಮೇಲೆ ತಾಳಲಾರದ ಹೊರೆ ಹೇರುವುದೆಂಬುದು ಇದರ ರೂಢಾರ್ಥ. ಈಗ ಹೊರೆ ಹೊರುವುದು ಲಾರಿ. ಹಾಗಾದರೆ ಈ ಅತಿಚಾರಕ್ಕೆ ಇಂದು ಆಸ್ಪದವೇ ಇಲ್ಲವೆ?

ಮೈಸೂರು–ನಂಜನಗೂಡು ಹೆದ್ದಾರಿಯ ಬದಿಯ ತಾಂಡವಪುರ ಕೈಗಾರಿಕಾ ಪ್ರದೇಶದಂಥ ಕಡೆಗಳಿಗೆ ಭಾರಿ ಯಂತ್ರಗಳು ಲಾರಿಯಲ್ಲೇ ಬರಬೇಕು. ಆದರೆ ಅದೇ ದಾರಿ ಯಾತ್ರಿಕರದು, ಶಾಲೆಯ ಮಕ್ಕಳದು, ದನಕರುಗಳದು. ಹೊರೆ ಮಿತಿಮೀರಿದರೆ ಎತ್ತು ಮುಗ್ಗರಿಸಿ ತನ್ನ ನೋವನ್ನು ತಿಳಿಸುತ್ತದೆ, ಲಾರಿ ತಿಳಿಸುವುದಿಲ್ಲ. ಕಟ್ಟು ಸಡಿಲಿದರೆ ಪೆಟ್ಟು ಬೀಳುವುದು ಏನೂ ಅರಿಯದ ದಾರಿಹೋಕನಿಗೆ.

ಯಂತ್ರದ ತೂಕವೇ ಅದನ್ನು ಹಿಡಿದಿಡುತ್ತದೆಂಬುದು ಭ್ರಮೆ. ಬ್ರೇಕು ಹಾಕಿದಾಗ ಲಾರಿ ನಿಂತರೂ ಯಂತ್ರ ಮುಂದಕ್ಕೆ ನುಗ್ಗಲು ಹವಣಿಸುತ್ತದೆ. ಯೂರೋಪಿನಲ್ಲಿ ಅನುಸರಿಸುವ ಲೆಕ್ಕದಂತೆ, ಕಟ್ಟು ಮುಂದಿನ ದಿಕ್ಕಿನಲ್ಲಿ ತೂಕದ ಶೇ. 80ರಷ್ಟು, ಪಕ್ಕಕ್ಕೂ ಹಿಂದಕ್ಕೂ ಶೇ. 50ರಷ್ಟು ಬಲವನ್ನು ತಡೆಯಬೇಕು. 10 ಟನ್ನಿನ ಯಂತ್ರಕ್ಕೆ 8 ಟನ್ನು ಮತ್ತು 5 ಟನ್ನು. ಸವೆದ ಹಗ್ಗ ಇದನ್ನು ತಾಳದು. ತಕ್ಕ ಬಲದ ಉಕ್ಕಿನ ಸರಪಳಿಗಳು, ಜರುಗದಂತೆ ಮರದ ಅಡ್ಡಗಟ್ಟೆ, ಸ್ವಲ್ಪ ದೂರ ಸಾಗಿದೊಡನೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯುವುದು ಇವೆಲ್ಲ ಅವಶ್ಯ.

"ಏನೂ ಬೀಳಲಿಲ್ಲವಲ್ಲ, ದೋಷವೆಲ್ಲಿ?" ಎನ್ನುವವರುಂಟು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದಕ್ಕೆ ಸಮಾಧಾನ ಹೇಳಿದ್ದಾರೆ. ಪ್ರಮಾದಿಯಾದವನಿಗೆ ಜೀವ ಸತ್ತರೂ ಸಾಯದಿದ್ದರೂ ಹಿಂಸೆಯ ದೋಷ ತಪ್ಪದು; ಯತ್ನಾಚಾರದಿಂದ ನಡೆಯುವವನಿಗೆ ಅದು ತಗಲದು. ಸಡಿಲ ಕಟ್ಟಿನೊಡನೆ ಲಾರಿ ಹೊರಟ ಗಳಿಗೆಯಲ್ಲೇ ದೋಷವಾಗಿದೆ.

"ಬಾಡಿಗೆ ಕೊಟ್ಟಿದ್ದೇನೆ, ಹೊಣೆ ಚಾಲಕನದು" ಎಂಬ ವರ್ತಕನ ಮಾತೂ ನಿಲ್ಲದು. ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯಿಂದಲೂ ಕರ್ಮಬಂಧವುಂಟು. 1988ರ ಮೋಟಾರು ವಾಹನ ಕಾಯಿದೆಯ 194ನೆಯ ಕಲಮು ಕೂಡ ಅತಿಭಾರದ ವಾಹನವನ್ನು ಓಡಿಸಿದವನನ್ನಲ್ಲದೆ ಓಡಿಸಿದವನಿಂದ ಓಡಿಸಿದವನನ್ನೂ, ಓಡಿಸಗೊಟ್ಟವನನ್ನೂ ದಂಡಕ್ಕೆ ಗುರಿಮಾಡುತ್ತದೆ. ಒಂದು ಸರಪಳಿಯ ಖರ್ಚು ಉಳಿಸಿ ಜೀವದಯೆಗೆ ಕಾಣಿಕೆ ಬರೆಸಿದರೆ ಲೆಕ್ಕ ಸರಿಹೋಗದು. ಮಾನಸ್ತಂಭಕ್ಕೆ ಶಿಲೆ ತರಿಸುವ ಬಸದಿಯ ಟ್ರಸ್ಟಿಗೂ ಇದೇ ನ್ಯಾಯ.

1973ರಲ್ಲಿ 39 ಅಡಿಯ ಬಾಹುಬಲಿ ಮೂರ್ತಿಯನ್ನು ಕಾರ್ಕಳದಿಂದ ಧರ್ಮಸ್ಥಳಕ್ಕೆ ರಸ್ತೆಯ ಮೇಲೆಯೇ ಸಾಗಿಸಲಾಯಿತು. ಮೂರ್ತಿ ಪೂಜ್ಯವೆಂದು ಅಂದು ಎಚ್ಚರ ಬೇಕಾಗಿತ್ತು. ಸಾಮಾನ್ಯ ಯಂತ್ರ ಪೂಜ್ಯವಲ್ಲದಿರಬಹುದು. ಅದರ ಹಿಂದೆ ಬರುತ್ತಿರುವ ಜೀವ ಅಮೂಲ್ಯ. ಆದ್ದರಿಂದ ಎಚ್ಚರ ಅಷ್ಟೇ ಇರಬೇಕು.